ಕನ್ನಡಿ ಭಾವನ ಮಂಕು ಬಾನೆಟ್ಟು

ನನ್ನ ಅಕ್ಕನ ಗಂಡನಿಗೆ ಹೆತ್ತವರು ಇಟ್ಟ ಹೆಸರು ಏನೆಂಬುದು ಈಗ ನೆನಪಿರುವುದು ಅಕ್ಕನೊಬ್ಬಳಿಗೆ. ಅವಳೂ ಸಿಟ್ಟು ನೆತ್ತಿಗೇರಿದಾಗ ಮಾತ್ರ ಅದನ್ನು ಹೊರಗೆ ತೆಗೆಯುತ್ತಾಳೆ. ಮಿಕ್ಕವರಿಗೆಲ್ಲ ಅವರು ಕನ್ನಡಿ. ಕಾರುಗಳಿಗೆ ಬಣ್ಣ ಹೊಡೆಯುವುದು ಅವರ ಕಸುಬು, ಅದರಲ್ಲೂ ಕಪ್ಪು ಬಣ್ಣ. ಭಾವ ಪಾಲಿಶ್ ಮಾಡಿ ನಿಲ್ಲಿಸಿದ ಕರಿ ಕಾರಿನ ಮುಂದೆ ಹೋಗುವವರು ಬರುವವರು ನಿಂತು ತಲೆ ಬಾಚಿಕೊಳ್ಳುತ್ತಿದ್ದರು, ಹಲ್ಲಿನ ಸಂದಿ ನೋಡಿಕೊಳ್ಳುತ್ತಿದ್ದರು. ಒಂದು ಕಾಗೆಯಂತೂ ಅವರ ಬಾನೆಟ್ಟಿನಲ್ಲಿ ತನ್ನನ್ನೇ ಕಂಡು, ಇದ್ಯಾವ ದರಿದ್ರದ್ದು ನನ್ನ ಜಾಗಕ್ಕೆ ಬಂತು ಎಂದು ಬೆಳಗಿನಿಂದ ಸಂಜೆಯವರೆಗೆ ಜಗಳವಾಡಿ, ಸೋತು, ಊರನ್ನೇ ಬಿಟ್ಟು ಹೋಯಿತು. ಇದು ನಾನು ಕಣ್ಣಾರೆ ಕಂಡದ್ದು. ಎದುರಿನ ಗಡಿಯಾರ ರಿಪೇರಿಯವನು ಕಾರಿನ ಬಾಗಿಲಲ್ಲಿ ಕಂಡ ತನ್ನ ಹೊಟ್ಟೆಯನ್ನೇ ಬೇರೆ ಯಾರದೋ ಎಂದುಕೊಂಡು "ಸ್ವಲ್ಪ ಆಚೆ ಸರೀರಿ" ಎಂದ ಸಂಗತಿಗೆ ಮಾತ್ರ ನನ್ನ ಬಳಿ ಸಾಕ್ಷಿಯಿಲ್ಲ.

ಭಾವನ ಹೆಗಲ ಮೇಲೆ ಯಾವಾಗಲೂ ಒಂದು ಬಟ್ಟೆ. ವರ್ಷಗಟ್ಟಲೆ ಪಾಲಿಶ್ ಕುಡಿದು ಕುಡಿದು ಅದು ಬಟ್ಟೆಯ ಜಾತಿಯನ್ನೇ ಬಿಟ್ಟಿತ್ತು. ನೆಲಕ್ಕಿಟ್ಟರೆ ತಾನಾಗಿ ನಿಂತುಕೊಳ್ಳುತ್ತಿತ್ತು. ಆ ಬಟ್ಟೆಗೂ ಅವರ ಬಲಗೈಗೂ ಒಂದು ಒಳ ಒಪ್ಪಂದವಿತ್ತು. ಭಾವ ಮಾತಾಡುತ್ತಾ ಕೂತರೆ ಕೈ ತನ್ನಷ್ಟಕ್ಕೆ ತಾನು ಏನನ್ನಾದರೂ ಉಜ್ಜುತ್ತಿರಬೇಕು. ಲೋಟ, ಬಾಗಿಲ ಚಿಲಕ, ಪಕ್ಕದವನ ಸೈಕಲ್ಲಿನ ಗಂಟೆ. ಒಮ್ಮೆ ಸಾವಿನ ಮನೆಗೆ ಹೋಗಿ, ಸತ್ತವರ ಗುಣಗಾನ ಮಾಡುತ್ತಲೇ ಕುರ್ಚಿಯ ಕೈಯನ್ನು ಎಷ್ಟು ಉಜ್ಜಿದರೆಂದರೆ, ಮರುದಿನ ಆ ಮನೆಯವರು ಕುರ್ಚಿಯ ಇನ್ನೊಂದು ಕೈಯನ್ನೂ ಹಾಗೇ ಮಾಡಿಕೊಡಿ ಎಂದು ಹೇಳಿ ಕಳಿಸಿದರು. ನನ್ನ ಬೋಳು ತಲೆಯನ್ನು ಅವರ ಬಲಗಡೆಗೆ ನಾನು ಎಂದೂ ಒಯ್ದವನಲ್ಲ.

ಆದರೆ ಹೊರಗಿನ ಈ ಹೊಳಪಿಗೆಲ್ಲ ಒಳಗೆ ಬೆಲೆ ತೆತ್ತದ್ದು ಅವರ ಎದೆ. ಥಿನ್ನರಿನ ವಾಸನೆ, ಬಣ್ಣದ ದೂಳು ಸೇರಿ ಉಸಿರಿನ ಚೀಲ ಸೀದು ಹೋಗಿತ್ತು. ಮೆಟ್ಟಿಲು ಹತ್ತಿದರೆ ಹಳೇ ಹಾರ್ಮೋನಿಯಂ ಬಿಚ್ಚಿದ ಹಾಗೆ ಸದ್ದು. ಇನ್ನು ಸ್ಪ್ರೇ ಗನ್ ಹಿಡಿದರೆ ನನ್ನ ಹತ್ತಿರ ಬರಬೇಡಿ, ನೇರ ಮೇಲಕ್ಕೇ ಹೋಗಿ ಎಂದು ಡಾಕ್ಟರು ಹೇಳಿಬಿಟ್ಟರು. ಅಂದಿನಿಂದ ಗನ್ ಮಗಳ ಕೈಗೆ ಬಂತು. ಹೊಡೆಯುವವಳು ಅವಳು, ಉಜ್ಜುವವರು ಇವರು. ಹೆಸರು ಮಾತ್ರ ಕನ್ನಡಿಯದೇ. ಬಂದವರು ಅವಳ ಕಣ್ಣೆದುರೇ "ಏನು ಕೈ ಸ್ವಾಮಿ ನಿಮ್ಮದು!" ಎನ್ನುವರು. ಭಾವ ಕಣ್ಣು ಮುಚ್ಚಿ ಆ ಮಾತನ್ನು ಒಳಗೆ ಎಳೆದುಕೊಳ್ಳುವರು, ಉಸಿರನ್ನಾದರೂ ಅಷ್ಟು ಚೆನ್ನಾಗಿ ಎಳೆದುಕೊಳ್ಳಲಾರರು. ಮಗಳು ಹಿಂದೆ ನಿಂತು ಬಣ್ಣ ಕಲಸುವಳು.

ಇಂಥದ್ದರಲ್ಲಿ ಒಂದು ದಿನ ನರ್ಸಮ್ಮ ಬಂದರು. ಹೆರಿಗೆ ಮಾಡಿಸುತ್ತಿದ್ದವರು, ಈಗ ನಿವೃತ್ತಿ. ಊರಿನ ಅರ್ಧ ಜನ ಅವರ ಕೈಯಲ್ಲಿ ಹುಟ್ಟಿದವರು; ಉಳಿದರ್ಧ ಜನ ಅವರು ಬರುವುದು ತಡವಾಯಿತೆಂದು ತಾವಾಗಿಯೇ ಹುಟ್ಟಿದವರು. ಅವರದೊಂದು ಹಳೇ ಕಾಲದ ಕಪ್ಪು ಕಾರು, ಗುಂಡು ದೀಪ, ಆಮೆಯ ಬೆನ್ನು, ಉದ್ದನೆಯ ಬಾನೆಟ್ಟು. ಆ ಬಾನೆಟ್ಟಿಗೆ ಹಿಂದೆ ಹೊಳಪು ಕೊಟ್ಟವರು ಭಾವನೇ. ತಮ್ಮ ಜೀವಮಾನದ ಕೆಲಸ ಎಂದು ಹೇಳಿಕೊಳ್ಳುತ್ತಿದ್ದದ್ದೂ ಅದನ್ನೇ.

"ಇದರ ಹೊಳಪು ತೆಗೆದುಬಿಡಿ," ಎಂದರು ನರ್ಸಮ್ಮ.

ಭಾವನಿಗೆ ಕಿವಿಯೂ ಕೆಟ್ಟಿತೇ ಎಂದು ಅನುಮಾನ ಬಂತು. "ಏನಂದ್ರಿ?"

"ಕಣ್ಣು ಆಪರೇಷನ್ ಆದ್ಮೇಲೆ ಬೆಳಕು ತಡೆಯೋಕಾಗ್ತಿಲ್ಲ ಕಣ್ರೀ. ಸಂಜೆ ಹೊತ್ತು ಸೂರ್ಯ ಎದುರಿಗಿದ್ರೆ, ಮೇಲೊಬ್ಬ, ನಿಮ್ಮ ಬಾನೆಟ್ಟಲ್ಲಿ ಇನ್ನೊಬ್ಬ. ಮೇಲಿನವನಿಗೆ ಕೈ ಅಡ್ಡ ಹಿಡೀಬಹುದು, ಕೆಳಗಿನವನಿಗೇನು ಮಾಡ್ಲಿ? ಮೊನ್ನೆ ಬೇಕರಿ ಮೆಟ್ಟಿಲ ಮೇಲೆ ಹತ್ತಿಸಿಬಿಟ್ಟೆ."

"ಯಾರಿಗಾದ್ರೂ..."

"ಯಾರಿಗೂ ಏನಾಗಿಲ್ಲ. ಒಬ್ಬ ಮಗು ಎತ್ಕೊಂಡು ಇಳೀತಿದ್ದ. ಒಂದು ಹೆಜ್ಜೆ ಹಿಂದಿದ್ದ, ಅಷ್ಟೆ." ನರ್ಸಮ್ಮ ಕಾರಿನ ಕೀಲಿಯನ್ನು ಬಾನೆಟ್ಟಿನ ಮೇಲಿಟ್ಟರು. "ಅವನು ನನ್ನ ಕೈಯಲ್ಲೇ ಹುಟ್ಟಿದೋನು ಕನ್ನಡಿಯವರೇ."

ಭಾವನ ಮುಖ ನೋಡಬೇಕಿತ್ತು. ತಮ್ಮ ಜೀವಮಾನದ ಕೆಲಸ ಬೇಕರಿ ಮೆಟ್ಟಿಲು ಹತ್ತಿತ್ತು. ಆದರೂ ಬಿಡಲಿಲ್ಲ. ಕಪ್ಪು ಕನ್ನಡಕ ಹಾಕಿಕೊಳ್ಳಿ ಎಂದರು, ಬೆಳಗಿನ ಹೊತ್ತು ಮಾತ್ರ ಓಡಿಸಿ ಎಂದರು, ಪೂರ್ವದ ಕಡೆ ನೆಂಟರು ಯಾರೂ ಇಲ್ಲವೇ ಎಂದೂ ಕೇಳಿದರು. ಮಗಳು ಆ ಮಾತುಗಳ ನಡುವೆಯೇ ಮೂರು ತಗಡುಗಳಿಗೆ ಕಪ್ಪು ಹೊಡೆದಳು. ಒಂದು ಪೂರ್ತಿ ಹೊಳಪಿನದು, ಒಂದು ಅರೆ ಹೊಳಪಿನದು, ಇನ್ನೊಂದು ಮ್ಯಾಟ್, ಅಂದರೆ ಅಪ್ಪಟ ಮಂಕು. ಒಣಗಿದ ಮೇಲೆ ಸಂಜೆಯ ಬಿಸಿಲಿಗೆ ಕಾರನ್ನು ತಿರುಗಿಸಿ ನಿಲ್ಲಿಸಿ, ನರ್ಸಮ್ಮನನ್ನು ಸ್ಟಿಯರಿಂಗ್ ಹಿಂದೆ ಕೂರಿಸಿ, ಬಾನೆಟ್ಟಿಗೆ ಹಳೇ ಕಂಬಳಿ ಹೊದಿಸಿ, ಅದರ ಮೇಲೆ ಒಂದೊಂದಾಗಿ ತಗಡನ್ನು ಇಟ್ಟು ತೋರಿಸಿದಳು.

ಮೊದಲನೆಯದಕ್ಕೆ ನರ್ಸಮ್ಮನ ಕಣ್ಣಲ್ಲಿ ನೀರು ಬಂತು. "ಸಂತೋಷಕ್ಕೆ," ಎಂದರು ಭಾವ ನನ್ನ ಕಿವಿಯಲ್ಲಿ.

ಎರಡನೆಯದನ್ನು ಇಟ್ಟಾಗ ಭಾವನೇ ಮುಂದೆ ಬಂದು ಶಿಫಾರಸು ಮಾಡಿದರು. "ಇದು ನೋಡಿ, ಅತ್ತಲೂ ಅಲ್ಲ ಇತ್ತಲೂ ಅಲ್ಲ. ಮರ್ಯಾದೆಯೂ ಉಳೀತದೆ, ಕಣ್ಣೂ ಉಳೀತದೆ."

"ಸೂರ್ಯ ಸಣ್ಣಗಾದ, ಹೋಗಲಿಲ್ಲ," ಎಂದರು ನರ್ಸಮ್ಮ.

ಮೂರನೆಯದನ್ನು ಅವರು ತುಂಬ ಹೊತ್ತು ನೋಡಿದರು. ಆಮೇಲೆ ತಗಡನ್ನು ಬಿಟ್ಟು ಅದರಾಚೆಗಿನ ರಸ್ತೆಯನ್ನು ನೋಡತೊಡಗಿದರು. "ಇದು. ಇದೇ ಬೇಕು."

"ಹಂಚಿನ ತಳದ ಹಾಗಿದೆ ನರ್ಸಮ್ಮ!"

"ನನಗೆ ಬೇಕಾದ್ದು ಹಂಚಿನ ತಳವೇ."

ಮಂಕು ಬಣ್ಣದ ಗುಟ್ಟನ್ನು ಮಗಳು ನನಗೆ ಬಿಡಿಸಿ ಹೇಳಿದಳು. ಅದರ ಮೈ ಕಣ್ಣಿಗೆ ಕಾಣದಷ್ಟು ಒರಟು. ಬಿದ್ದ ಬೆಳಕನ್ನು ಚೆಲ್ಲಾಪಿಲ್ಲಿ ಮಾಡಿಬಿಡುತ್ತದೆ. ಒಮ್ಮೆ ಉಜ್ಜಿದರೋ, ಆ ಒರಟು ಮಲಗಿ ಅಷ್ಟು ಜಾಗ ಹೊಳೆಯತೊಡಗುತ್ತದೆ. ಆಮೇಲೆ ಅಲ್ಲಿಗಷ್ಟೇ ತೇಪೆ ಹಾಕಲು ಬರುವುದಿಲ್ಲ. ಪೂರ್ತಿ ಬಾನೆಟ್ಟು ಕೆರೆದು ಮೊದಲಿಂದ ಹೊಡೆಯಬೇಕು. ಜಗತ್ತಿನಲ್ಲಿ ಭಾವನ ಬಲಗೈಗೆ ಆಗದ ಬಣ್ಣವೊಂದಿದ್ದರೆ ಅದು ಇದೇ.

ವಿಷಯ ಇಷ್ಟಕ್ಕೇ ನಿಂತಿದ್ದರೆ ನಾನಿದನ್ನು ಬರೆಯುತ್ತಲೂ ಇರಲಿಲ್ಲ. ನರ್ಸಮ್ಮನಿಗೊಬ್ಬ ತಮ್ಮ. ಊರಿನ ಇನ್ನೊಂದು ತುದಿಯಲ್ಲಿ ಹಳೇ ಕಾರುಗಳದ್ದೇ ದೊಡ್ಡ ವರ್ಕ್‌ಶಾಪು ನಡೆಸುವವನು. ಅಲ್ಲಿ ಬಣ್ಣ ಹೊಡೆಯಲು ಗಾಜಿನ ಕೋಣೆಯಿದೆ, ಒಂದು ಕಣ ದೂಳು ಒಳಗೆ ಬರಬೇಕಾದರೂ ಅನುಮತಿ ಕೇಳಬೇಕು. ಹೊಗೆಯನ್ನು ಹೀರಿ ಹೊರಗೆ ಹಾಕುವ ಫ್ಯಾನುಗಳಿವೆ. ಅವನಿಗೆ ಬಣ್ಣದ ವಿಭಾಗ ನೋಡಿಕೊಳ್ಳುವವರು ಬೇಕಿದ್ದರು. ಮೂರು ತಗಡಿನ ಸುದ್ದಿಯನ್ನು ನರ್ಸಮ್ಮನಿಂದ ಕೇಳಿ, ನನ್ನ ಅಕ್ಕನ ಬಾನೆಟ್ಟನ್ನು ಈ ಹುಡುಗಿ ಒಬ್ಬಳೇ ಹೊಡೆಯಲಿ, ನಾನು ಬಂದು ನೋಡುತ್ತೇನೆ, ಸರಿಯಿದ್ದರೆ ಕೆಲಸ ಅವಳದು ಎಂದು ಹೇಳಿಕಳಿಸಿದ.

"ಹೋಗ್ಲಿ ಬಿಡು. ನಾನೇನು ಕಟ್ಟಿ ಹಾಕಿದೀನಾ?" ಎಂದರು ಭಾವ.

ಹಾಗೆಂದವರು ಊಟಕ್ಕೆ ಕೂತು, ಅನ್ನ ಮುಟ್ಟದೆ ತಟ್ಟೆಯ ಅಂಚನ್ನು ಉಜ್ಜುತ್ತಾ ಕೂತರಂತೆ. ಅಕ್ಕ ನನ್ನನ್ನು ಕರೆಸಿದಳು. "ನೀನಾದ್ರೂ ಏನಾದ್ರೂ ಹೇಳಿ ನಗಿಸೋ. ಮನುಷ್ಯ ಹೀಗೇ ಇದ್ರೆ ಇಳಿದು ಹೋಗ್ತಾರೆ."

ಏನು ಹೇಳಲಿ? ಮಗಳು ಹೋದರೆ ಶೆಡ್ಡಿಗೆ ಬೀಗ. ಇವರು ಗನ್ ಹಿಡಿಯುವಂತಿಲ್ಲ, ಬೇರೆಯವರು ಹೊಡೆದದ್ದನ್ನು ಇವರ ಕಣ್ಣು ಒಪ್ಪುವುದಿಲ್ಲ. ಬೀಗ ಹಾಕಿದ ಮೇಲೆ ಕನ್ನಡಿ ಎಲ್ಲಿ ಕೂರಬೇಕು? ಮನೆಯಲ್ಲಿ ಕೂತರೆ ಅಕ್ಕನ ಪಾತ್ರೆಗಳು ಉಜ್ಜಿ ಉಜ್ಜಿಯೇ ತೂತಾಗಿಬಿಡುತ್ತವೆ. "ಅವಳು ಅಲ್ಲಿ ನನ್ನ ಹಾಗೆ ಕೆಮ್ಮೋದಿಲ್ಲ, ಅಲ್ವೇನಯ್ಯಾ?" ಎಂದು ಕೇಳಿದರು ನನ್ನನ್ನು. "ಇಲ್ಲ ಭಾವ," ಎಂದೆ. "ಗೊತ್ತು. ಗೊತ್ತಿದ್ದೇ ಕೇಳ್ದೆ," ಎಂದರು.

ಮಗಳು ಬಾನೆಟ್ಟನ್ನು ಬಿಚ್ಚಿ ಎರಡು ಮರದ ಸ್ಟ್ಯಾಂಡುಗಳ ಮೇಲೆ ಮಲಗಿಸಿ, ಹಳೇ ಹೊಳಪನ್ನೆಲ್ಲ ನೀರಲ್ಲಿ ಅದ್ದಿದ ಉಪ್ಪುಕಾಗದದಿಂದ ಕೆರೆದಳು. ಭಾವ ಹೊರಗೆ ನಿಂತು, ತಮ್ಮ ಚರ್ಮವನ್ನೇ ಕೆರೆಯುತ್ತಿರುವಂತೆ ಮೈ ಹಿಂಡಿಕೊಂಡರು. ಆಮೇಲೆ ಅವಳು ಬಾಗಿಲು ಹಾಕಿಕೊಂಡು ಹೊಡೆದಳು. ಒಣಗಿದ ಮೇಲೆ ನಾವು ಒಳಗೆ ಹೋದೆವು. ಅಂಥ ಕಪ್ಪನ್ನು ನಾನು ನೋಡಿರಲಿಲ್ಲ. ಹೊಳಪಿಲ್ಲ, ಗೆರೆಯಿಲ್ಲ, ಎಲ್ಲಿಯೂ ಹೆಚ್ಚುಕಡಿಮೆಯಿಲ್ಲ. ಬೆಳಕು ಅದರ ಮೇಲೆ ಬಿದ್ದು ವಿಳಾಸವಿಲ್ಲದೆ ಕಾಣೆಯಾಗುತ್ತಿತ್ತು. ಸ್ವಲ್ಪ ಹೊತ್ತು ಬಗ್ಗಿ ನೋಡಿದರೆ ನಾವೇ ಒಳಗೆ ಬಿದ್ದು ಹೋಗುತ್ತೇವೇನೋ ಎಂದು ನಾನು ಕಂಬ ಹಿಡಿದುಕೊಂಡೆ. ಭಾವ ಸುತ್ತ ಬಂದರು. ತಪ್ಪೆಂದು ತೋರಿಸಲು ಏನೂ ಸಿಗಲಿಲ್ಲ ಎಂಬುದೇ ಅವರ ಸಂಕಟವೆಂದು ನನಗೆ ಕಂಡಿತು.

"ನರ್ಸಮ್ಮನ್ನೂ ಅವರ ತಮ್ಮನ್ನೂ ಕರ್ಕೊಂಡು ಬರ್ತೀನಿ," ಎಂದಳು ಮಗಳು. "ಅಪ್ಪ, ನೋಡು, ಏನು ಬಿದ್ರೂ ಬೀಳ್ಲಿ, ಮುಟ್ಟಬೇಡ. ಮಾವ, ನೀವು ನೋಡ್ಕೊಳ್ಳಿ."

"ನಾನೇನು ಮಗುವಾ?" ಎಂದರು ಭಾವ.

ನಾವಿಬ್ಬರೂ ಬಾನೆಟ್ಟಿನ ಎರಡು ಬದಿಗೆ ಸ್ಟೂಲು ಹಾಕಿಕೊಂಡು ಕಾವಲು ಕೂತೆವು. ಅವರನ್ನು ನಗಿಸೋಣವೆಂದು ನಾನು ಆ ಕಾಗೆಯ ಕಥೆ ತೆಗೆದೆ. ಊರು ಬಿಟ್ಟ ಕಾಗೆ ಹೋಗಿ ಬೇರೊಂದು ಊರಲ್ಲಿ ಸಂಸಾರ ಹೂಡಿ, ಮಕ್ಕಳಿಗೆ ಕಾರು ಕಂಡರೆ ನಮಸ್ಕಾರ ಹಾಕುವುದನ್ನು ಕಲಿಸಿದೆ ಎಂದು ಎಳೆದೆ. ಭಾವ ನಕ್ಕರು. ಎಷ್ಟೋ ದಿನಗಳ ಮೇಲೆ ನಕ್ಕರು. ನಾನು ಇನ್ನಷ್ಟು ಎಳೆದೆ. ನಗುತ್ತಲೇ ಅವರ ಕಣ್ಣು ಎಲ್ಲೋ ಹೋಯಿತು, ಮುಖದ ನಗು ಅಲ್ಲೇ ಉಳಿಯಿತು. ನಾನು ಕೆಳಗೆ ನೋಡಿದೆ. ಬಟ್ಟೆ ಹೆಗಲಿನಿಂದ ಇಳಿದು ಕೈಗೆ ಬಂದಿತ್ತು. ಕೈ ಬಾನೆಟ್ಟಿನ ಮೇಲಿತ್ತು. ಆ ಕೈಯ ಕೆಳಗೆ, ಅಮಾವಾಸ್ಯೆಯ ಆಕಾಶದಲ್ಲಿ ಹುಟ್ಟಬಾರದ ಚಂದ್ರನ ಹಾಗೆ, ಅಂಗೈಯಗಲ ಹೊಳಪು ಎದ್ದಿತ್ತು.

"ಅಯ್ಯೋ," ಎಂದರು ಭಾವ. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ಒಂದು ನೂಲಿನ ಎಳೆ ಬಿದ್ದಿತ್ತು ಕಣಯ್ಯಾ. ಒಂದು ಎಳೆ."

ನುಣುಪು ಉಪ್ಪುಕಾಗದ ತಂದು ಚಂದ್ರನ ಮೇಲೆ ಎಳೆದರು. ಚಂದ್ರನಿಗೆ ಗೀರು ಬಿತ್ತು. ಗೀರು ಮುಚ್ಚಲು ಸೀಮೆಸುಣ್ಣದ ಪುಡಿ ಹಾಕಿದರು. ಚಂದ್ರನಿಗೆ ತೊನ್ನು ಹತ್ತಿತು. ಪುಡಿ ಒರೆಸಿದರೆ ಹೊಳಪು ತಟ್ಟೆಯಗಲವಾಯಿತು. ಸದ್ದು ಕೇಳಿ ಬಂದ ಅಕ್ಕ ಮುಖದ ಪೌಡರು ತಂದಳು, ನಾನು ಲ್ಯಾಂಪಿನ ಮಸಿ ತಂದೆ, ಮೂವರೂ ಸೇರಿ ಮೊರದಗಲ ಮಾಡಿದೆವು. ಬಾನೆಟ್ಟಿನ ಆ ಬದಿ ಯಾವುದೋ ದ್ವೀಪದ ಭೂಪಟದಂತೆ ಕಾಣುತ್ತಿತ್ತು; ಇನ್ನೊಂದು ಗಳಿಗೆ ಬಿಟ್ಟಿದ್ದರೆ ಅಲ್ಲಿ ಹಡಗು ಬಂದು ನಿಲ್ಲುತ್ತಿತ್ತು. ಭಾವನಿಗೆ ಉಸಿರು ಸಿಗುತ್ತಿರಲಿಲ್ಲ. ಆದರೂ ಬಗ್ಗಿ ಊದುತ್ತಿದ್ದರು, ಊದಿದರೆ ಹೋಗಿಬಿಡುತ್ತದೆ ಎಂಬಂತೆ.

"ಕೈ ತಾನಾಗೇ ಹೋಯ್ತು ಕಣೇ," ಎಂದರು ಅಕ್ಕನಿಗೆ.

ಅಕ್ಕ ಪೌಡರಿನ ಡಬ್ಬಿ ಕೆಳಗಿಟ್ಟಳು. ಆಮೇಲೆ ಆ ಹಳೇ ಹೆಸರು ಹಿಡಿದು ಕರೆದಳು. "ನಿಮ್ಮ ಕೈಗೆ ನಿಮಗಿಂತ ಜಾಸ್ತಿ ಗೊತ್ತು. ಮಗಳು ಹೋಗೋದು ಅದಕ್ಕೆ ಬೇಕಿಲ್ಲ."

ಭಾವ ತಿರುಗಿ ಜಗಳಕ್ಕೆ ನಿಲ್ಲುತ್ತಾರೆ ಎಂದುಕೊಂಡೆ. ಇಲ್ಲ. ತಮ್ಮ ಬಲಗೈಯನ್ನು ತಿರುವಿ ತಿರುವಿ ನೋಡಿಕೊಂಡರು, ಯಾರೋ ಬಾಡಿಗೆಗೆ ಕೊಟ್ಟದ್ದನ್ನು ನೋಡುವ ಹಾಗೆ.

ಅಷ್ಟರಲ್ಲಿ ಮಗಳು, ನರ್ಸಮ್ಮ, ಅವರ ತಮ್ಮ ಮೂವರೂ ಒಳಗೆ ಬಂದರು. ನರ್ಸಮ್ಮನ ತಮ್ಮ ಕೈಗಡಿಯಾರ, ಇಸ್ತ್ರಿ ಅಂಗಿಯ ಮನುಷ್ಯ. ನೇರ ಬಾನೆಟ್ಟಿನ ಹತ್ತಿರ ಹೋಗಿ, ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿದ.

"ಏನಮ್ಮಾ ಇದು?"

ಮಗಳು ಬಾನೆಟ್ಟು ನೋಡಿದಳು. ಅಪ್ಪನ ಹೆಗಲ ಬಟ್ಟೆ ನೋಡಿದಳು. ನನ್ನ ಕೈಯ ಮಸಿ ನೋಡಿದಳು. ಅವಳಿಗೆ ಎಲ್ಲ ತಿಳಿಯಿತು. ಅಪ್ಪನೇ ಮಾಡಿದ್ದೆಂದು ಕೂಗುತ್ತಾಳೆ, ಕೂಗಲಿ ಎಂದು ನಾನು ಕಾದೆ.

"ಮಿಕ್ಸ್ ಸರಿಯಾಗಿ ಕೂತಿಲ್ಲ ಅನ್ಸುತ್ತೆ," ಎಂದಳು ಅವಳು. "ನನ್ನ ಕೈ ಇನ್ನೂ ಪಳಗಬೇಕು."

"ಹಾಗಾದ್ರೆ ಬಿಡಿ," ಎಂದ ಅವನು. ಸೌಜನ್ಯವಾಗಿಯೇ ಹೇಳಿದ, ಅದೇ ಕೆಟ್ಟದ್ದು. "ಇನ್ನೊಂದೆರಡು ವರ್ಷ ತಂದೆ ಹತ್ರವೇ ಕಲೀರಿ. ಆಮೇಲೆ ನೋಡೋಣ." ಎಂದು ನರ್ಸಮ್ಮನ ಕಡೆ ತಿರುಗಿ, "ನಡಿ ಅಕ್ಕಾ, ಬಾನೆಟ್ಟು ನಮ್ಮಲ್ಲೇ ಮಾಡಿಸೋಣ," ಎಂದ.

ಅಲ್ಲಿಗೆ ಎಲ್ಲ ಭಾವನ ಪರವಾಗಿ ತೀರ್ಮಾನವಾಗಿತ್ತು. ಸುಮ್ಮನಿದ್ದರೆ ಸಾಕಿತ್ತು. ಮಗಳು ಉಳಿಯುವಳು, ಶೆಡ್ಡು ಉಳಿಯುವುದು, ಕನ್ನಡಿ ಎಂಬ ಹೆಸರಿಗೆ ಗೀರೂ ಬೀಳದು. ಭಾವ ಸುಮ್ಮನೆಯೇ ಇದ್ದರು. ಅಕ್ಕ ಅವರನ್ನು ನೋಡಿದಳು. ನಾನು ನೆಲ ನೋಡಿದೆ. ನರ್ಸಮ್ಮನೂ ಅವರ ತಮ್ಮನೂ ಹೊಸ್ತಿಲವರೆಗೂ ಹೋದರು.

"ನಿಲ್ಲಿ," ಎಂದರು ಭಾವ. "ಅದು ನಾನು ಉಜ್ಜಿದ್ದು. ಅವಳು ಹೊಡೆದದ್ದು ಸರಿಯಾಗೇ ಇತ್ತು."

ನರ್ಸಮ್ಮನ ತಮ್ಮ ತಿರುಗಿ ನಕ್ಕ. "ತಂದೆ ಅಂದ್ಮೇಲೆ ಹಾಗೇ ಅಲ್ವಾ ಹೇಳೋದು? ಕನ್ನಡಿಯಂಥ ಕೆಲಸಗಾರ ಮ್ಯಾಟ್ ಮೇಲೆ ಬಟ್ಟೆ ಇಡ್ತಾರಾ? ನನ್ನಲ್ಲಿ ಗುಡಿಸೋಳಿಗೂ ಗೊತ್ತು ಅದು."

"ನಾನೇ ಅಂತೀನಲ್ರೀ!"

"ಅಪ್ಪ, ಬಿಡು," ಎಂದಳು ಮಗಳು.

"ಅವರ ಭಾವಮೈದ ಸಾಕ್ಷಿ," ಎಂದು ನಾನೂ ಬಾಯಿ ಹಾಕಿದೆ. ಆದರೆ ಊರಿನಲ್ಲಿ ನನ್ನ ಮಾತಿಗಿರುವ ಬೆಲೆ ಎಲ್ಲರಿಗೂ ಗೊತ್ತು. ನರ್ಸಮ್ಮ ಕೂಡ ನನ್ನತ್ತ ನೋಡಲಿಲ್ಲ.

ಭಾವನ ಬದುಕಿನಲ್ಲಿ ಮೊದಲ ಸಲ ಅವರ ಹೆಸರೇ ಅವರ ಕುತ್ತಿಗೆ ಹಿಡಿದಿತ್ತು. ಇಷ್ಟು ದೊಡ್ಡ ಕೆಲಸಗಾರ ಇಷ್ಟು ಸಣ್ಣ ತಪ್ಪು ಮಾಡಿಯಾನೇ ಎಂದು ಯಾರೂ ನಂಬರು. ಅವರು ಬಾಯಿ ತೆರೆದರು, ಕೆಮ್ಮು ಬಂತು. ಮತ್ತೆ ತೆರೆದರು, ಮತ್ತೆ ಕೆಮ್ಮು. ಕಣ್ಣಲ್ಲಿ ನೀರು ತುಂಬಿ, ಒಂದು ಕೈಯಲ್ಲಿ ಗೋಡೆ ಹಿಡಿದು ಬಾನೆಟ್ಟಿನ ಇನ್ನೊಂದು ಬದಿಗೆ ಬಂದರು. ಆ ಬದಿ ಇನ್ನೂ ಹಾಗೇ ಇತ್ತು, ಗೆರೆಯಿಲ್ಲದೆ, ಕಲೆಯಿಲ್ಲದೆ, ಮಗಳು ಹೊಡೆದಂತೆಯೇ. ಹೆಗಲ ಮೇಲಿನ ಬಟ್ಟೆ ಎಳೆದುಕೊಂಡರು. ಅಲ್ಲಿ ಇಟ್ಟು ಉಜ್ಜಿದರು. ಈ ಸಲ ಕೈ ತಾನಾಗಿ ಹೋಗಲಿಲ್ಲ. ಎರಡೂ ಕೈ ಹಾಕಿ ಒತ್ತಿ ಉಜ್ಜಿದರು. ಮೊದಲು ಎದ್ದಾಗಿನ ಅದೇ ಅಗಲ, ಅದೇ ಗುಂಡು, ಅದೇ ಹೊಳಪು. ಎರಡನೇ ಚಂದ್ರ ಎದ್ದ.

"ನೋಡಿ," ಎಂದರು. "ಈಗ ನೋಡಿ. ಈ ಕೈಯೇ."

ನರ್ಸಮ್ಮನ ತಮ್ಮ ವಾಪಸು ಬಂದು ಎರಡು ಹೊಳಪನ್ನೂ ನೋಡಿದ. ಆಮೇಲೆ ಅವುಗಳ ನಡುವೆ ಉಳಿದಿದ್ದ ಮುಟ್ಟದ ಕಪ್ಪನ್ನು ಬಗ್ಗಿ, ಉಸಿರು ಹಿಡಿದು, ತುಂಬ ಹೊತ್ತು ನೋಡಿದ.

"ಮಿಕ್ಸ್ ಉಳಿದಿದೆಯಾ?" ಎಂದು ಮಗಳನ್ನು ಕೇಳಿದ.

"ಇದೆ."

"ಕೆರೆದು ಹೊಡೀರಿ. ನಾನು ಒಳಗೇ ನಿಂತು ನೋಡ್ತೀನಿ."

ಅವಳು ಅಪ್ಪನನ್ನು ನೋಡದೆ ಉಪ್ಪುಕಾಗದ ಕೈಗೆತ್ತಿಕೊಂಡಳು. ನಮ್ಮನ್ನೆಲ್ಲ ಹೊರಗೆ ಹಾಕಿ ಬಾಗಿಲು ಮುಚ್ಚಿಕೊಂಡಳು. ಭಾವ ಬೀದಿಯ ಕಟ್ಟೆಯ ಮೇಲೆ ಕೂತರು. ಕೆರೆಯುವ ಸದ್ದು ನಿಂತು, ಕಂಪ್ರೆಸರು ಗುಡುಗತೊಡಗಿ, ಕೊನೆಗೆ ಗನ್ನಿನ ಉಸ್ ಎಂಬ ಸದ್ದು ಬಂತು. ಭಾವ ತಲೆ ವಾಲಿಸಿ ಕೇಳುತ್ತಿದ್ದರು. ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ, ಎಲ್ಲಿಯೂ ಅವಸರವಿಲ್ಲ, ಎಲ್ಲಿಯೂ ತಡೆದದ್ದಿಲ್ಲ.

"ನನ್ನ ಕೈ ತಿರುವಿನಲ್ಲಿ ಒಂದಿಷ್ಟು ನಿಲ್ತಿತ್ತು," ಎಂದರು. "ನಿಂತಲ್ಲಿ ಬಣ್ಣ ದಪ್ಪ ಕೂರೋದು, ಅದನ್ನ ಮುಚ್ಚೋಕೇ ಅಷ್ಟೊಂದು ಉಜ್ಜೋದು ಕಲಿತೆ ನಾನು. ಇವಳದ್ದು ನಿಲ್ಲೋದೇ ಇಲ್ಲ."

"ಅದನ್ನ ಅವಳಿಗೆ ಹೇಳಿದೀರಾ ಭಾವ?"

ಅವರು ಎದ್ದು ಬಾಗಿಲ ಹತ್ತಿರ ಹೋಗಿ ಕೂಗಿದರು. ಕಂಪ್ರೆಸರಿನ ಗದ್ದಲದಲ್ಲಿ ಕೂಗು ಬೀದಿಗೆಲ್ಲ ಕೇಳಿತು, ಒಳಗೆ ಮಾತ್ರ ಹೋದಂತೆ ಕಾಣಲಿಲ್ಲ. ಮತ್ತೆ ಕೂಗಿದರು, ಕೆಮ್ಮಿದರು, ಕೂಗಿದರು. ಗಡಿಯಾರ ರಿಪೇರಿಯವನು ಎದ್ದು ನಿಂತ. ಅಕ್ಕ ನೀರು ತಂದು ಹಿಡಿದುಕೊಂಡು ನಿಂತಳು.

ಬಾಗಿಲು ತೆರೆದಾಗ ಮೊದಲು ಹೊರಬಂದವನು ನರ್ಸಮ್ಮನ ತಮ್ಮ. "ಸೋಮವಾರದಿಂದ ಬರ್ತಾರೆ," ಎಂದಷ್ಟೇ ನಮಗೆ ಹೇಳಿ, ನರ್ಸಮ್ಮನನ್ನು ಒಳಗೆ ಕರೆದೊಯ್ದು ಬಾನೆಟ್ಟನ್ನು ದೂರದಿಂದ ತೋರಿಸಿದ. ನರ್ಸಮ್ಮ ಕಣ್ಣು ಕಿರಿದು ಮಾಡಲಿಲ್ಲ.

ಅವರು ಹೋದ ಮೇಲೆ ಮಗಳು ಗನ್ನನ್ನು ಬಿಚ್ಚಿ, ಥಿನ್ನರಿನಲ್ಲಿ ಒಂದೊಂದೇ ಭಾಗ ತೊಳೆದು ಮತ್ತೆ ಜೋಡಿಸಿದಳು. ಗೋಡೆಯ ಮೊಳೆಗೆ ನೇತುಹಾಕಲು ಹೋದಳು.

"ತಗೊಂಡ್ಹೋಗು," ಎಂದರು ಭಾವ.

"ಅಲ್ಲಿ ಬೇರೆ ಕೊಡ್ತಾರೆ ಅಪ್ಪ. ಇದು ಇಲ್ಲೇ ಇರ್ಲಿ."

"ಇಲ್ಲಿ ಯಾರು ಹೊಡೀಬೇಕು?"

ಅವಳು ಗನ್ ಹಿಡಿದುಕೊಂಡೇ ನಿಂತಳು. ಬಾಗಿಲಿನಾಚೆಯಿಂದ ಕೂಗಿದ್ದು ಅವಳಿಗೆ ಕೇಳಿತ್ತೋ ಇಲ್ಲವೋ, ನಾನು ಇವತ್ತಿನವರೆಗೂ ಕೇಳಿಲ್ಲ. ಆಮೇಲೆ ಅವಳು ಒಂದು ಹಳೇ ಪೇಪರು ಹರಿದು ನೆಲದ ಮೇಲೆ ಹಾಸಿ, ಅದರಲ್ಲಿ ಗನ್ನನ್ನು ಸುತ್ತತೊಡಗಿದಳು. ಭಾವ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಅವಳು ಸುತ್ತಿದ ದಾರ ಬಿಗಿಯಲು ಗಂಟಿನ ಮೇಲೆ ಬೆರಳು ಒತ್ತಿ ಹಿಡಿದರು.